ಬೀಚ್ ಬ್ರೇಕ್‌ಗೆ ಹೊರಡುವ ಮುನ್ನ: ಅಲೆ, ಗಾಳಿ, ಉಬ್ಬರದ ಮುನ್ಸೂಚನೆ ಓದುವುದು ಹೇಗೆ?

ಸರ್ಫಿಂಗ್ ಆ್ಯಪ್ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ನಕ್ಷತ್ರಗಳು, ಇಲ್ಲವೇ ಬಣ್ಣದ ಪಟ್ಟಿ. ಹಸಿರಿದ್ದರೆ ಹೊರಡುವುದು, ಕೆಂಪಿದ್ದರೆ ಮನೆಯಲ್ಲೇ ಉಳಿಯುವುದು. ಬಂಡೆಯ ತಳದ ಮೇಲೆ ಮುರಿಯುವ ಅಲೆಗೆ ಈ ಲೆಕ್ಕ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಬೀಚ್ ಬ್ರೇಕ್‌ಗೆ, ಅಂದರೆ ಮರಳಿನ ತಳದ ಮೇಲೆ ಅಲೆ ಮುರಿಯುವ ಜಾಗಕ್ಕೆ, ಸಾಲುವುದಿಲ್ಲ. ಬಂಡೆ ಇದ್ದಲ್ಲೇ ಇರುತ್ತದೆ. ಮರಳು ಜಾಗ ಬದಲಿಸುತ್ತಲೇ ಇರುತ್ತದೆ. ನೀರಿನೊಳಗಿನ ಮರಳದಿಬ್ಬ ಇವತ್ತು ಎಲ್ಲಿದೆ ಅನ್ನುವುದು ಯಾವ ಆ್ಯಪ್‌ನ ನಕ್ಷತ್ರಕ್ಕೂ ಗೊತ್ತಿಲ್ಲ.

ಅದಕ್ಕೇ ನನ್ನ ಸಲಹೆ ಇಷ್ಟು. ಒಟ್ಟಾರೆ ರೇಟಿಂಗ್ ಬಿಟ್ಟು ಒಂದೊಂದೇ ಅಂಕಿಯನ್ನು ಬಿಡಿಸಿ ಓದಿ. ಸ್ವೆಲ್ (ಗಾಳಿ ಎಬ್ಬಿಸಿ, ಕಡಲಿನಲ್ಲಿ ಸಾಗಿ ಬರುವ ಅಲೆಗಳ ಸಾಲು), ಗಾಳಿ, ಉಬ್ಬರ, ಆಮೇಲೆ ಮರಳು, ಇದೇ ಕ್ರಮದಲ್ಲಿ. ಮೊದಲ ಮೂರನ್ನು ಮನೆಯಲ್ಲೇ ಕೂತು ಓದಬಹುದು. ಕೊನೆಯದನ್ನು ದಡದಲ್ಲಿ ನಿಂತೇ ನೋಡಬೇಕು.

ಹಂತ 1: ತೀರ ಯಾವ ಕಡೆಗೆ ಮುಖ ಮಾಡಿದೆ?

ಇದನ್ನು ಒಂದೇ ಸಲ ಮಾಡಿಟ್ಟುಕೊಂಡರೆ ಸಾಕು. ನಕ್ಷೆಯಲ್ಲಿ ನೀವು ಹೋಗುವ ತೀರವನ್ನು ತೆರೆಯಿರಿ. ನೀರಿನ ಅಂಚಿಗೆ ಲಂಬವಾಗಿ ಕಡಲಿನ ಕಡೆಗೆ ಒಂದು ಗೆರೆ ಎಳೆಯಿರಿ. ಆ ಗೆರೆ ಹೋಗುವ ದಿಕ್ಕೇ ನಿಮ್ಮ ತೀರದ ಮುಖ. ಡಿಗ್ರಿಯಲ್ಲಿ ಬರೆದುಕೊಳ್ಳಿ: ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270. ಅಕ್ಕಪಕ್ಕದಲ್ಲಿ ಗುಡ್ಡದ ಚಾಚು, ದ್ವೀಪ, ಬಂದರಿನ ಗೋಡೆ ಏನಾದರೂ ಇದ್ದರೆ ಅದು ಯಾವ ದಿಕ್ಕಿನ ಅಲೆಯನ್ನು ತಡೆಯುತ್ತದೆ ಎಂದೂ ಗುರುತು ಹಾಕಿ. ಬರೀ ದೊಡ್ಡ ಸ್ವೆಲ್ ಇದ್ದರೆ ಸಾಲದು, ಅದಕ್ಕೆ ನಿಮ್ಮ ತೀರದವರೆಗೆ ದಾರಿಯೂ ಇರಬೇಕು ಅಲ್ವಾ?

ಒಂದು ವಿಷಯ ನೆನಪಿರಲಿ. ಗಾಳಿಗೂ ಸ್ವೆಲ್‌ಗೂ ಹೇಳುವ ದಿಕ್ಕು ಅವು ಎಲ್ಲಿಂದ ಬರುತ್ತಿವೆ ಅನ್ನುವುದು. ನೀರಿನ ಹರಿವಿಗೆ ಹೇಳುವುದು ಮಾತ್ರ ಎಲ್ಲಿಗೆ ಹೋಗುತ್ತಿದೆ ಅನ್ನುವುದು. ಆ್ಯಪ್‌ಗಳಲ್ಲಿ ಬಾಣದ ಗುರುತು ಸಾಮಾನ್ಯವಾಗಿ ಹೋಗುವ ಕಡೆಗೆ ಇರುತ್ತದೆ, ಪಕ್ಕದ ಅಕ್ಷರ ಮಾತ್ರ ಬರುವ ಕಡೆಯನ್ನು ಹೇಳುತ್ತದೆ. ಹೊಸಬರು ಗಲಿಬಿಲಿಗೊಳ್ಳುವುದು ಇಲ್ಲೇ.

ಹಂತ 2: ಸ್ವೆಲ್‌ನ ಮೂರು ಅಂಕಿಗಳನ್ನು ಒಟ್ಟಿಗೆ ಓದಿ

ಎತ್ತರ, ಪೀರಿಯಡ್, ದಿಕ್ಕು. ಹೆಚ್ಚಿನವರು ಎತ್ತರ ಮಾತ್ರ ನೋಡಿ ನಿರ್ಧಾರ ಮಾಡಿಬಿಡುತ್ತಾರೆ.

ಮುನ್ಸೂಚನೆಯ ಎತ್ತರ ಅಂದರೆ ಯಾವುದೋ ಒಂದು ಅಲೆಯ ಎತ್ತರವಲ್ಲ. ಬರುವ ಅಲೆಗಳಲ್ಲಿ ಅತಿ ದೊಡ್ಡ ಮೂರನೇ ಒಂದು ಭಾಗವನ್ನು ತೆಗೆದುಕೊಂಡು ಮಾಡಿದ ಸರಾಸರಿ ಅದು. ಹೀಗಾಗಿ 1 ಮೀಟರ್ ಎಂದು ಬರೆದಿರುವ ದಿನ ಅದಕ್ಕಿಂತ ಚಿಕ್ಕ ಅಲೆಗಳೇ ಜಾಸ್ತಿ ಇರುತ್ತವೆ. ಅದೇ ದಿನ, ಹೊತ್ತು ಕಾದರೆ, ಸುಮಾರು ಎರಡು ಪಟ್ಟು ಎತ್ತರದ ಒಂದು ಅಲೆಯೂ ಬರಬಹುದು. ಈ ಅಳತೆ ಸರ್ಫಿಂಗ್‌ಗಾಗಿ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ತೀರಕ್ಕೆ ಇಳಿಸಲು ಅಲೆಗಳ ಮುನ್ಸೂಚನೆ ಬೇಕಾಗಿತ್ತು. ಹೆರಾಲ್ಡ್ ಸ್ವೆರ್ಡ್ರಪ್ ಮತ್ತು ವಾಲ್ಟರ್ ಮಂಕ್ ಎಂಬ ಸಾಗರ ವಿಜ್ಞಾನಿಗಳು ಆಗ ಕಟ್ಟಿದ ಲೆಕ್ಕದಿಂದ ಇದು ಬಂತು.

ಇನ್ನೂ ಒಂದು ಮಾತು. ಈ ಎತ್ತರ ಆಳ ಕಡಲಿನದು. ದಡದ ಹತ್ತಿರ ಮುರಿಯುವಾಗ ಅಲೆಯ ಮುಖ ಎಷ್ಟು ಎತ್ತರ ಇರುತ್ತದೆ ಎನ್ನುವುದರಲ್ಲಿ ಪೀರಿಯಡ್‌ಗೆ ದೊಡ್ಡ ಪಾಲಿದೆ.

ಪೀರಿಯಡ್ ಅಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿ ಬರುವವರೆಗಿನ ಸೆಕೆಂಡುಗಳು. ನನ್ನ ಮಟ್ಟಿಗೆ ಇಡೀ ಮುನ್ಸೂಚನೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿಲ್ಲ. 1.5 ಮೀಟರ್ ಎತ್ತರದ ಎರಡು ಸ್ವೆಲ್‌ಗಳನ್ನು ಪಕ್ಕಪಕ್ಕ ಇಡೋಣ. ಒಂದರ ಪೀರಿಯಡ್ 7 ಸೆಕೆಂಡ್, ಇನ್ನೊಂದರದು 14. ಆಳ ನೀರಿನಲ್ಲಿ ಮೊದಲನೆಯದರ ಉದ್ದ, ಅಂದರೆ ನೆತ್ತಿಯಿಂದ ನೆತ್ತಿಗೆ ಇರುವ ದೂರ, ಸುಮಾರು 76 ಮೀಟರ್. ಎರಡನೆಯದು ಸುಮಾರು 306 ಮೀಟರ್. ಲೆಕ್ಕ ಸುಲಭ: ಪೀರಿಯಡ್ಡನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.56ರಿಂದ ಗುಣಿಸಿ. ಈ ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ತಳ ತಾಗತೊಡಗುತ್ತದೆ. ಅಂದರೆ ಮೊದಲನೆಯದು 38 ಮೀಟರ್ ಆಳದಲ್ಲಿ, ಎರಡನೆಯದು 150 ಮೀಟರಿಗೂ ಹೆಚ್ಚು ಆಳದಲ್ಲೇ. ಉದ್ದ ಪೀರಿಯಡ್‌ನ ಅಲೆ ದಡಕ್ಕೆ ಬರುತ್ತಾ ಜಾಸ್ತಿ ಎದ್ದು ನಿಲ್ಲುತ್ತದೆ. ಅದು ಹೊತ್ತು ತರುವ ಶಕ್ತಿಯೂ ಎರಡು ಪಟ್ಟು. ಎತ್ತರ ಒಂದೇ ಎಂದು ನೋಡಿ ಇಳಿದವರಿಗೆ ನೀರಿನಲ್ಲಿ ಬೇರೆಯದೇ ಕಡಲು ಎದುರಾಗುತ್ತದೆ.

ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ. 8 ಸೆಕೆಂಡಿಗಿಂತ ಕಡಿಮೆ ಇದ್ದರೆ ಹತ್ತಿರದ ಗಾಳಿಯೇ ಎಬ್ಬಿಸಿದ ಗಲಿಬಿಲಿ ಅಲೆ. 8ರಿಂದ 11 ನಡುವಿನದು. 12 ದಾಟಿದರೆ ದೂರದ ಬಿರುಗಾಳಿಯಿಂದ ಬಂದ, ಸಾಲುಸಾಲಾಗಿ ಜೋಡಿಸಿಕೊಂಡ ಗ್ರೌಂಡ್‌ಸ್ವೆಲ್. ಗಾಳಿಯ ವೇಗ, ಅದು ಬೀಸಿದ ಹೊತ್ತು, ಬೀಸಿದ ನೀರಿನ ಹರವು ಈ ಮೂರೂ ಸೇರಿದರೆ ಉದ್ದ ಪೀರಿಯಡ್ ಹುಟ್ಟುತ್ತದೆ. ಹಾಗೆ ಹುಟ್ಟಿದ್ದು ಎಷ್ಟು ದೂರ ಹೋಗಬಲ್ಲದು ಅಂದರೆ, 1963ರಲ್ಲಿ ಮಂಕ್ ಅವರ ತಂಡ ಅಂಟಾರ್ಕ್ಟಿಕಾದ ಹತ್ತಿರದ ಬಿರುಗಾಳಿಗಳ ಅಲೆಗಳನ್ನು ಇಡೀ ಪೆಸಿಫಿಕ್ ದಾಟಿಸಿ ಅಲಾಸ್ಕಾದವರೆಗೆ ಹಿಂಬಾಲಿಸಿತು.

ದೂರದ ಸ್ವೆಲ್ ಯಾವಾಗ ಮುಟ್ಟುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. ಪೀರಿಯಡ್ಡನ್ನು 1.5ರಿಂದ ಗುಣಿಸಿದರೆ ಸ್ವೆಲ್ ಗುಂಪಿನ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ಬಿರುಗಾಳಿ 2,500 ಕಿ.ಮೀ. ದೂರದಲ್ಲಿದೆ ಎನ್ನಿ. 16 ಸೆಕೆಂಡಿನ ಅಲೆಗಳು ಗಂಟೆಗೆ 44 ಕಿ.ಮೀ. ವೇಗದಲ್ಲಿ ಸುಮಾರು 56 ಗಂಟೆಯಲ್ಲಿ ಬರುತ್ತವೆ. 10 ಸೆಕೆಂಡಿನವು 90 ಗಂಟೆ ತೆಗೆದುಕೊಳ್ಳುತ್ತವೆ. ಅದಕ್ಕೇ ಹೊಸ ಸ್ವೆಲ್‌ನಲ್ಲಿ ಮೊದಲು ಬರುವುದು ಉದ್ದ ಪೀರಿಯಡ್‌ನ, ಇನ್ನೂ ತಗ್ಗಾದ ಅಲೆಗಳು. ಎತ್ತರ 0.4 ಮೀಟರ್ ಇದ್ದು ಪೀರಿಯಡ್ ದಿಢೀರನೆ 9ರಿಂದ 17ಕ್ಕೆ ಹಾರಿದ್ದು ಕಂಡರೆ ಸುಮ್ನೆ ದಾಟಿ ಹೋಗಬೇಡಿ. ಹಿಂದೆಯೇ ದೊಡ್ಡದು ಬರುತ್ತಿದೆ.

ಬಹುತೇಕ ದಿನ ಕಡಲಿನಲ್ಲಿ ಒಂದೇ ಸ್ವೆಲ್ ಇರುವುದಿಲ್ಲ. ಮುಖ್ಯ ಸ್ವೆಲ್, ಎರಡನೆಯದು, ಗಾಳಿಯ ಅಲೆ ಎಂದು ಬೇರೆಬೇರೆ ಸಾಲು ಕೊಡುವ ಪುಟವನ್ನೇ ಓದಿ. ಇವುಗಳ ಎತ್ತರವನ್ನು ಹಾಗೇ ಕೂಡಬಾರದು. 1 ಮೀಟರ್ ಮತ್ತು 0.6 ಮೀಟರ್ ಸೇರಿದರೆ 1.6 ಆಗುವುದಿಲ್ಲ, ಸುಮಾರು 1.2 ಆಗುತ್ತದೆ. ಎರಡು ಕಡೆ ನೋಡಿ ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಕೆಲವರು ಅತಿ ಹೆಚ್ಚು ಶಕ್ತಿಯಿರುವ ಅಲೆಗಳ ಪೀರಿಯಡ್ ಕೊಡುತ್ತಾರೆ, ಕೆಲವರು ಸರಾಸರಿ ಪೀರಿಯಡ್ ಕೊಡುತ್ತಾರೆ. ಸರಾಸರಿ ಸಾಮಾನ್ಯವಾಗಿ ಚಿಕ್ಕದು. ಒಂದರಲ್ಲಿ 13, ಇನ್ನೊಂದರಲ್ಲಿ 8 ಎಂದು ಕಂಡರೆ ಮೊದಲು ಇದನ್ನು ಪರೀಕ್ಷಿಸಿ.

ಹಂತ 3: ಮರಳಿನ ತಳಕ್ಕೆ ಯಾವ ಸ್ವೆಲ್ ಒಗ್ಗುತ್ತದೆ?

ಪೀರಿಯಡ್ ಜಾಸ್ತಿಯಾದಷ್ಟೂ ಒಳ್ಳೆಯದು ಎಂಬ ಮಾತು ಬಂಡೆಯ ತಳಕ್ಕೆ, ಚಾಚುಗಳಿಗೆ ಹೊಂದುತ್ತದೆ. ನೆಟ್ಟಗಿರುವ ಮರಳಿನ ತೀರಕ್ಕೆ ಅದನ್ನು ಹಾಗೇ ಒಪ್ಪಿಕೊಳ್ಳಬೇಡಿ. 16 ಸೆಕೆಂಡಿನ ಸ್ವೆಲ್ ಎದುರಿನಿಂದಲೇ ನೇರವಾಗಿ ಬಂದರೆ ಅಲೆಯ ಸಾಲು ನೂರಾರು ಮೀಟರ್ ಉದ್ದ ಒಂದೇ ಸಮನಾಗಿ ಇರುತ್ತದೆ. ತಳವೂ ಅಷ್ಟೇ ಸಮನಾಗಿದ್ದರೆ ಅಂಗಡಿಯ ಶಟರ್ ಎಳೆದ ಹಾಗೆ ಇಡೀ ಸಾಲು ಒಂದೇ ಸಲ ಬೀಳುತ್ತದೆ. ಇದಕ್ಕೇ ಕ್ಲೋಸ್‌ಔಟ್ ಅನ್ನುವುದು. ಸವಾರಿ ಮಾಡಲು ಪಕ್ಕದಲ್ಲಿ ಜಾಗವೇ ಉಳಿಯುವುದಿಲ್ಲ.

ಬೀಚ್ ಬ್ರೇಕ್‌ಗೆ ಸಾಮಾನ್ಯವಾಗಿ ಚೆನ್ನಾಗಿ ಕೂಡಿಬರುವುದು 8ರಿಂದ 12 ಸೆಕೆಂಡಿನ ಸ್ವೆಲ್, ಅದೂ ಸ್ವಲ್ಪ ಓರೆಯಾಗಿ ಬರುವಂಥದ್ದು. ಎರಡು ದಿಕ್ಕಿನಿಂದ ಎರಡು ಸ್ವೆಲ್ ಬಂದು ಒಂದನ್ನೊಂದು ದಾಟಿದರೆ ಇನ್ನೂ ಒಳ್ಳೆಯದು. ಅವು ಸೇರಿದ ಕಡೆ ಅಲೆ ಎತ್ತರವಾಗುತ್ತದೆ, ಪಕ್ಕದಲ್ಲಿ ತಗ್ಗಾಗುತ್ತದೆ. ಹಾಗೆ ಉದ್ದ ಸಾಲು ತುಂಡಾಗಿ ಅಲ್ಲಲ್ಲಿ ಶಿಖರಗಳು ಏಳುತ್ತವೆ, ಎಡಕ್ಕೂ ಬಲಕ್ಕೂ ಸಾಗಲು ಜಾಗ ಸಿಗುತ್ತದೆ. ಆ್ಯಪ್‌ನಲ್ಲಿ "ಎರಡನೇ ಸ್ವೆಲ್" ಕಂಡರೆ ಮುಖ ಸಿಂಡರಿಸುವವರಿದ್ದಾರೆ. ಮರಳಿನ ತೀರದಲ್ಲಿ ಅದೇ ಕೆಲವೊಮ್ಮೆ ದಿನವನ್ನು ಉಳಿಸುತ್ತದೆ.

ಹಾಗೆಂದು 14 ಸೆಕೆಂಡ್ ಕಂಡ ದಿನ ಆಸೆ ಬಿಡಬೇಕಿಲ್ಲ. ಮರಳದಿಬ್ಬಗಳು ಬಿಡಿಬಿಡಿಯಾಗಿ, ನಡುವೆ ಆಳದ ಕಾಲುವೆಗಳ ಜೊತೆ ಇದ್ದರೆ ಉದ್ದ ಪೀರಿಯಡ್‌ನ ಅಲೆಯೂ ಅಂದವಾಗಿ ಸುಲಿಯುತ್ತದೆ, ಅಂದರೆ ಒಂದು ಕಡೆಯಿಂದ ಪಕ್ಕಕ್ಕೆ ಸ್ವಲ್ಪಸ್ವಲ್ಪವಾಗಿ ಮುರಿಯುತ್ತಾ ಹೋಗುತ್ತದೆ. ನದಿ ಕಡಲು ಸೇರುವ ಕಡೆ ಮತ್ತು ಕಲ್ಲಿನ ತಡೆಗೋಡೆಗಳ ಪಕ್ಕ ಇಂಥ ದಿಬ್ಬಗಳು ಉಳಿದ ಕಡೆಗಿಂತ ಹೆಚ್ಚು ಕಾಲ ನಿಲ್ಲುತ್ತವೆ.

ಹಂತ 4: ಗಾಳಿಯನ್ನು ಗಂಟೆಗಂಟೆಯ ಲೆಕ್ಕದಲ್ಲಿ ನೋಡಿ

ಸ್ವೆಲ್ ಒಂದು ದಿನದಲ್ಲಿ ನಿಧಾನವಾಗಿ ಬದಲಾಗುತ್ತದೆ. ಗಾಳಿ ಒಂದು ಗಂಟೆಯಲ್ಲೇ ಆಟ ಕೆಡಿಸಬಲ್ಲದು. ಆದ್ದರಿಂದ ದಿನದ ಸರಾಸರಿ ಗಾಳಿ ನೋಡಿ ಪ್ರಯೋಜನವಿಲ್ಲ.

ನೆಲದಿಂದ ಕಡಲಿನ ಕಡೆಗೆ ಬೀಸುವುದು ಆಫ್‌ಶೋರ್. ಅದು ಅಲೆಯ ಮುಖವನ್ನು ಎತ್ತಿ ಹಿಡಿದು ನಯವಾಗಿಸುತ್ತದೆ, ಮುರಿಯುವುದನ್ನು ಕೊಂಚ ತಡಮಾಡುತ್ತದೆ. ಕಡಲಿನಿಂದ ನೆಲಕ್ಕೆ ಬೀಸುವುದು ಆನ್‌ಶೋರ್. ಅದು ಅಲೆಯನ್ನು ಹಿಂದಿನಿಂದ ತಳ್ಳಿ ಬೇಗ, ಗಜಿಬಿಜಿಯಾಗಿ ಬೀಳಿಸುತ್ತದೆ. ಗಂಟೆಗೆ 10 ಕಿ.ಮೀ.ಗಿಂತ ಕಡಿಮೆ ಇದ್ದರೆ ಯಾವ ದಿಕ್ಕಿನದಾದರೂ ದೊಡ್ಡ ತೊಂದರೆಯಿಲ್ಲ. 20 ಕಿ.ಮೀ. ದಾಟಿದರೆ ಕಡಲ ತುಂಬ ಬಿಳಿ ನೊರೆತಲೆಗಳು ಕಾಣತೊಡಗುತ್ತವೆ. ಅಷ್ಟು ಆನ್‌ಶೋರ್ ಇದ್ದ ದಿನ ಹೊಸಬರು ದಡದ ಹತ್ತಿರದ ನೊರೆಯಲ್ಲಿ ಅಭ್ಯಾಸ ಮಾಡಿದರೆ ಸಾಕು. ಆಫ್‌ಶೋರ್ ಕೂಡ 30 ಕಿ.ಮೀ. ಮುಟ್ಟಿದರೆ ಅಲೆ ಹಿಡಿಯುವುದೇ ಕಷ್ಟ, ಕಣ್ಣಿಗೆ ಹನಿ ಹೊಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಸುಸ್ತಾದವರನ್ನು ಅದು ದಡದಿಂದ ದೂರ ತಳ್ಳುತ್ತದೆ. ದಡದಿಂದ ನೋಡುವಾಗ ನೀರು ಶಾಂತವಾಗಿ ಕಾಣುವುದರಿಂದ ಈ ಅಪಾಯ ಗೊತ್ತೇ ಆಗುವುದಿಲ್ಲ. ಮಕ್ಕಳಿಗೆ, ಈಜು ಅಷ್ಟಾಗಿ ಬಾರದವರಿಗೆ ಅಂಥ ದಿನ ಬೇಡ.

ಗಾಳಿಯ ಸಾಲಿನಲ್ಲಿ ಎರಡು ಅಂಕಿ ಇರುತ್ತವೆ: ಸಾಮಾನ್ಯ ವೇಗ ಮತ್ತು ರಭಸದ ಬೀಸು. 12 ಮತ್ತು 15 ಇದ್ದರೆ ಗಾಳಿ ಒಂದೇ ಸಮ. 12 ಮತ್ತು 35 ಇದ್ದರೆ ಮಳೆಮೋಡದ ಹೊಡೆತ ಹತ್ತಿರದಲ್ಲಿರಬಹುದು.

ಬೆಳಿಗ್ಗೆಯೇ ಹೋಗಿ ಎಂದು ಎಲ್ಲರೂ ಹೇಳುವುದಕ್ಕೆ ಕಾರಣವೂ ಗಾಳಿಯೇ. ಬಿಸಿಲೇರಿದ ಮೇಲೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಸಾಮಾನ್ಯವಾಗಿ ಇದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಶುರುವಾಗಿ ಮೂರು ಗಂಟೆಯ ಸುಮಾರಿಗೆ ಜೋರಾಗುತ್ತದೆ. ರಾತ್ರಿ ಇದು ತಿರುವುಮುರುವಾಗಿ, ಬೆಳಗಿನ ಹೊತ್ತಿಗೆ ತಣ್ಣನೆಯ ನೆಲದಿಂದ ಹಗುರವಾದ ಆಫ್‌ಶೋರ್ ಸಿಗುತ್ತದೆ. ಇಡೀ ವಲಯದಲ್ಲೇ ಬಲವಾದ ಗಾಳಿ ಬೀಸುತ್ತಿರುವ ಕಾಲದಲ್ಲಿ ಈ ದಿನಚರಿ ನಡೆಯುವುದಿಲ್ಲ. ಆಗ ಗಾಳಿಯ ಒತ್ತಡವನ್ನು ಗೆರೆಗಳಲ್ಲಿ ತೋರಿಸುವ ಹವಾಮಾನ ನಕ್ಷೆ ನೋಡಿ. ಗೆರೆಗಳು ಒತ್ತೊತ್ತಾಗಿದ್ದರೆ ಬೆಳಿಗ್ಗೆಯೂ ಗಾಳಿ ಬಿಡುವುದಿಲ್ಲ.

ಹಂತ 5: ಉಬ್ಬರ, ಇಳಿತ

ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದ ನೀರಿಗೆ ಬಂದಾಗ ಮುರಿಯುತ್ತದೆ. 1 ಮೀಟರ್ ಅಲೆಗೆ 1.3 ಮೀಟರ್ ನೀರು. ಇದು ತಲೆಯಲ್ಲಿದ್ದರೆ ಉಬ್ಬರದ ಕೋಷ್ಟಕಕ್ಕೆ ಜೀವ ಬರುತ್ತದೆ. ದಿಬ್ಬದ ಮೇಲೆ ನೀರು ಜಾಸ್ತಿಯಾದರೆ ಅಲೆ ಅಲ್ಲಿ ಮುರಿಯದೆ ದಾಟಿ ಬಂದು ದಡದ ಅಂಚಿನಲ್ಲೇ ದಬ್ಬೆಂದು ಬೀಳುತ್ತದೆ. ನೀರು ತೀರಾ ಇಳಿದರೆ ದಿಬ್ಬದ ಮೇಲೆ ಕಡಿದಾಗಿ, ಒಂದೇ ಸಲ, ತೆಳು ನೀರಿನಲ್ಲಿ ಮುರಿಯುತ್ತದೆ. ಎಷ್ಟೋ ಮರಳಿನ ತೀರಗಳಲ್ಲಿ ಇಳಿತದ ಒಂದೆರಡು ಗಂಟೆ ನಂತರ, ನೀರು ಏರುತ್ತಿರುವ ಹೊತ್ತು ಚೆನ್ನಾಗಿರುತ್ತದೆ. ಆದರೆ ಇದು ಎಲ್ಲ ಕಡೆಗೂ ನಡೆಯುವ ನಿಯಮವಲ್ಲ. ನಿಮ್ಮ ದಿಬ್ಬ ಎಷ್ಟು ಆಳದಲ್ಲಿದೆ ಎನ್ನುವುದರ ಮೇಲೆ ನಿಂತಿದೆ.

ಬಹಳಷ್ಟು ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅದಕ್ಕೇ ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಸುತ್ತಮುತ್ತ ಚಿಕ್ಕದು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎನ್ನುವುದೂ ಗೊತ್ತಿರಲಿ. ಒಟ್ಟು ಏರಿಕೆಯನ್ನು 12 ಭಾಗ ಮಾಡಿದರೆ ಆರು ಗಂಟೆಗಳಲ್ಲಿ ಕ್ರಮವಾಗಿ 1, 2, 3, 3, 2, 1 ಭಾಗ ಏರುತ್ತದೆ. ಅಂದರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ಏರಿಕೆ. ಆ ಹೊತ್ತಿನಲ್ಲಿ ಅಲೆ ಮುರಿಯುವ ಜಾಗ ನಿಮ್ಮ ಕಣ್ಣೆದುರೇ ಸರಿಯುತ್ತದೆ.

ಹಂತ 6: ಎಲ್ಲವನ್ನೂ ಸೇರಿಸಿ ಒಂದು ಬೆಳಿಗ್ಗೆಯನ್ನು ಓದೋಣ

ಪಶ್ಚಿಮಕ್ಕೆ ಮುಖ ಮಾಡಿದ ಒಂದು ಮರಳಿನ ತೀರ ಇದೆ ಎಂದುಕೊಳ್ಳಿ. ಮುನ್ಸೂಚನೆ ಹೀಗಿದೆ: ಮುಖ್ಯ ಸ್ವೆಲ್ 1 ಮೀಟರ್, 13 ಸೆಕೆಂಡ್, ನೈಋತ್ಯದಿಂದ. ಎರಡನೆಯದು 0.6 ಮೀಟರ್, 7 ಸೆಕೆಂಡ್, ವಾಯವ್ಯದಿಂದ. ಬೆಳಿಗ್ಗೆ 6ಕ್ಕೆ ಪೂರ್ವದಿಂದ 9 ಕಿ.ಮೀ. ಗಾಳಿ, 11ಕ್ಕೆ ಪಶ್ಚಿಮದಿಂದ 18 ಕಿ.ಮೀ. ಇಳಿತ 5:40ಕ್ಕೆ 0.4 ಮೀಟರ್, ಉಬ್ಬರ 11:50ಕ್ಕೆ 1.9 ಮೀಟರ್.

ಮೊದಲು ಸ್ವೆಲ್. ಎತ್ತರ 1 ಮೀಟರ್ ಆದರೂ 13 ಸೆಕೆಂಡ್ ಇರುವುದರಿಂದ ಮುರಿಯುವಾಗ ಇನ್ನೂ ಎತ್ತರ ಏಳುತ್ತದೆ. ನೈಋತ್ಯದಿಂದ ಓರೆಯಾಗಿ ಬರುವುದರಿಂದ ದಡದ ಕಡೆಗೆ ತಿರುಗುವಾಗ ಸ್ವಲ್ಪ ಎತ್ತರ ಕಳೆದುಕೊಳ್ಳುತ್ತದೆ. ಒಟ್ಟಾರೆ ದೊಡ್ಡ ಸೆಟ್‌ಗಳು, ಅಂದರೆ ಗುಂಪಾಗಿ ಬರುವ ದೊಡ್ಡ ಅಲೆಗಳು, ಎದೆಯೆತ್ತರದಿಂದ ತಲೆಯೆತ್ತರದವರೆಗೆ ಇರಬಹುದು. ಹೊಸದಾಗಿ ಕಲಿಯುವವರಿಗೆ ಇದು ಒಳಗಿನ ನೊರೆಯ ದಿನ, ಹೊರಗೆ ಹೋಗುವ ದಿನವಲ್ಲ. ಅಲೆ ದಕ್ಷಿಣದ ತುದಿಯನ್ನು ಮೊದಲು ಮುಟ್ಟಿ ಉತ್ತರಕ್ಕೆ ಸುಲಿಯುತ್ತದೆ. ದಡಕ್ಕೆ ಮುಖ ಮಾಡಿ ಬರುವ ಸರ್ಫರ್‌ಗೆ ಅದು ಎಡಗಡೆ. ಜೊತೆಗೆ ನೀರು ದಡದ ಉದ್ದಕ್ಕೂ ಉತ್ತರಕ್ಕೆ ಎಳೆಯುತ್ತದೆ. ಹಾಗಾಗಿ ದಿಬ್ಬಕ್ಕಿಂತ ಸ್ವಲ್ಪ ದಕ್ಷಿಣದಲ್ಲೇ ನೀರಿಗೆ ಇಳಿಯಬೇಕು, ದಡದ ಮೇಲೆ ಒಂದು ಗುರುತು ಹಿಡಿದುಕೊಂಡಿರಬೇಕು. ವಾಯವ್ಯದ ಚಿಕ್ಕ ಸ್ವೆಲ್ ಈ ಉದ್ದ ಸಾಲನ್ನು ತುಂಡು ಮಾಡಿ ಒಂದಿಷ್ಟು ಬಲಗಡೆಯನ್ನೂ ಕೊಡುತ್ತದೆ.

ಇನ್ನು ಗಾಳಿ. ಪೂರ್ವದ ಗಾಳಿ ಈ ತೀರಕ್ಕೆ ಆಫ್‌ಶೋರ್. 11ರ ಹೊತ್ತಿಗೆ ಪಶ್ಚಿಮಕ್ಕೆ ತಿರುಗಿ 18 ಮುಟ್ಟಬೇಕಾದರೆ ನಡುವೆ ಎಲ್ಲೋ ಗಾಳಿ ಸತ್ತು ಮತ್ತೆ ಹುಟ್ಟಬೇಕು. ಅದು 9ರಿಂದ 10ರ ನಡುವೆ ಎಂದು ಇಟ್ಟುಕೊಳ್ಳೋಣ.

ಉಬ್ಬರ: ಒಟ್ಟು ಏರಿಕೆ 1.5 ಮೀಟರ್. 12 ಭಾಗದ ಲೆಕ್ಕದಲ್ಲಿ 7:40ಕ್ಕೆ ನೀರು ಸುಮಾರು 0.8 ಮೀಟರ್, 8:40ಕ್ಕೆ 1.15. 6 ಗಂಟೆಗೆ ಓಡಿ ಹೋದರೆ ನೀರು ತೀರಾ ಕಡಿಮೆ, ಕ್ಲೋಸ್‌ಔಟ್ ಜಾಸ್ತಿ. 10ರ ನಂತರ ನೀರೂ ತುಂಬಿ ಗಾಳಿಯೂ ತಿರುಗಿರುತ್ತದೆ. ಹಾಗಾದರೆ ಹೊತ್ತು ಯಾವುದು? 7ರಿಂದ 9:30. ಎಲ್ಲರೂ ಬೆಳಕು ಹರಿಯುವ ಮುಂಚೆಯೇ ಹೋಗುತ್ತಾರೆಂದು ನೀವೂ ಹೋಗಬೇಕಿಲ್ಲ. ಬೇಗ ಹೋದರೆ ದಡದಲ್ಲಿ ನಿಂತು ಖಾಲಿ ಇಳಿತದಲ್ಲಿ ದಿಬ್ಬಗಳ ಆಕಾರ ನೋಡಿಕೊಳ್ಳಿ, ಅದು ಖಂಡಿತ ಉಪಯೋಗಕ್ಕೆ ಬರುತ್ತದೆ.

ಹಂತ 7: ಆಕಾಶ

ಗುಡುಗು ಇದ್ದರೆ ನೀರಿಗಿಳಿಯಬೇಡಿ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ. ಪ್ರತಿ 3 ಸೆಕೆಂಡಿಗೆ ಸುಮಾರು 1 ಕಿ.ಮೀ. ದೂರ. 30 ಸೆಕೆಂಡಿಗಿಂತ ಕಡಿಮೆ ಬಂದರೆ ಮಿಂಚು 10 ಕಿ.ಮೀ. ಒಳಗೆ ಬಂದಿದೆ. ಹೊರಗೆ ಬಂದು ಕಟ್ಟಡದೊಳಗೋ ಮುಚ್ಚಿದ ವಾಹನದೊಳಗೋ ಸೇರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ನೀರಿನಲ್ಲಿರುವಾಗ ಗಾಳಿ ಒಮ್ಮೆಲೇ ತಣ್ಣಗಾಗಿ ದಿಕ್ಕು ಬದಲಿಸಿದರೆ ಗುಡುಗಿಗಾಗಿ ಕಾಯುವುದೂ ಬೇಡ.

ಜೋರು ಮಳೆಯ ನಂತರ ಚರಂಡಿ, ಹೊಳೆಗಳ ಕೊಳೆಯೆಲ್ಲ ಕಡಲಿಗೇ ಬರುತ್ತದೆ. ಎರಡು ಮೂರು ದಿನ ಬಿಟ್ಟು ಇಳಿಯಿರಿ, ಹೊಳೆಬಾಯಿಯ ಹತ್ತಿರವಾದರೆ ಇನ್ನೂ ಹೆಚ್ಚು. ಮೋಡ ಇದ್ದರೂ ಯುವಿ ಸೂಚ್ಯಂಕ ನೋಡಿ, 3 ಅಥವಾ ಮೇಲಿದ್ದರೆ ಸನ್‌ಸ್ಕ್ರೀನ್ ಬೇಕು. ಮಂಜು ಕವಿದು ದಡ ಕಾಣದಿದ್ದರೆ ಹೊರಗೆ ಹೋಗುವುದು ಬೇಡ. ಹವಾಮಾನ ಇಲಾಖೆ ಎತ್ತರದ ಅಲೆಯ ಅಥವಾ ಚಂಡಮಾರುತದ ಎಚ್ಚರಿಕೆ ಕೊಟ್ಟಿದ್ದರೆ ಆ್ಯಪ್‌ನ ಯಾವ ಹಸಿರು ಬಣ್ಣಕ್ಕೂ ಬೆಲೆಯಿಲ್ಲ.

ಹಂತ 8: ಎಷ್ಟು ದಿನ ಮುಂದಿನದನ್ನು ನಂಬಬೇಕು?

ಆ್ಯಪ್‌ಗಳು ಬೇರೆಬೇರೆಯಾಗಿ ಕಂಡರೂ ಹೆಚ್ಚಿನವುಗಳ ಹಿಂದೆ ಇರುವುದು ಕೆಲವೇ ಮಾಡೆಲ್‌ಗಳು, ಅಂದರೆ ಮುನ್ಸೂಚನೆ ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆಗಳು. ಗಾಳಿಗೆ ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯುಎಫ್. ಅಲೆಗೆ ವೇವ್‌ವಾಚ್ 3 ಮತ್ತು ಅಂಥವು. ಆದ್ದರಿಂದ ಒಂದೇ ಮಾಡೆಲ್ ಬಳಸುವ ಎರಡು ಆ್ಯಪ್ ಒಂದೇ ಮಾತು ಹೇಳಿದರೆ ಅದು ಎರಡು ಸಾಕ್ಷಿಯಲ್ಲ. ಮಾಡೆಲ್ ಆಯ್ಕೆ ಮಾಡಲು ಬಿಡುವ ವಿಂಡಿ, ವಿಂಡ್‌ಗುರು ಥರದ ಕಡೆ ಎರಡು ಬೇರೆ ಮಾಡೆಲ್‌ಗಳನ್ನು ಹೋಲಿಸಿ. ಎರಡೂ ಒಪ್ಪಿದರೆ ನಂಬಿಕೆ ಇಡಬಹುದು. ಒಂದು 8 ಕಿ.ಮೀ. ಎಂದು, ಇನ್ನೊಂದು 25 ಎಂದು ಹೇಳಿದರೆ ಇನ್ನೂ ತೀರ್ಮಾನವಾಗಿಲ್ಲ ಎಂದು ತಿಳಿಯಿರಿ.

ದೂರದಲ್ಲಿ ಈಗಾಗಲೇ ಹುಟ್ಟಿರುವ ಸ್ವೆಲ್ ಬಗ್ಗೆ ನಾಲ್ಕೈದು ದಿನ ಮುಂಚೆಯೇ ಸಾಕಷ್ಟು ಸರಿಯಾಗಿ ಗೊತ್ತಾಗುತ್ತದೆ, ಅಲೆ ದಾರಿಯಲ್ಲಿದೆ ಅಷ್ಟೆ. ಇನ್ನೂ ಹುಟ್ಟದ ಬಿರುಗಾಳಿಯ ಸ್ವೆಲ್ ಬರೀ ಊಹೆ. ಸ್ಥಳೀಯ ಗಾಳಿಯನ್ನು ಹಿಂದಿನ ಸಂಜೆ, ಮತ್ತೆ ಹೊರಡುವ ಮುನ್ನ ನೋಡಿ. ಈ ಮಾಡೆಲ್‌ಗಳು ಇಡೀ ಭೂಮಿಯನ್ನು ಹಲವು ಕಿಲೋಮೀಟರ್ ಅಗಲದ ಚೌಕಗಳಲ್ಲಿ ನೋಡುವುದರಿಂದ ನಿಮ್ಮ ತೀರದ ಗುಡ್ಡದ ಮರೆ ಅವಕ್ಕೆ ಕಾಣದಿರಬಹುದು. ಹತ್ತಿರದ ಕಡಲಿನಲ್ಲಿ ಅಳತೆಯ ತೇಲುಬುರುಡೆ ಇದ್ದರೆ ಅದರ ಅಂಕಿ ನೋಡಿ. ಅದು ಊಹೆಯಲ್ಲ, ಆಗಷ್ಟೇ ಅಳೆದದ್ದು.

ಹಂತ 9: ದಡದಲ್ಲಿ ಇಪ್ಪತ್ತು ನಿಮಿಷ

ಬೋರ್ಡ್ ಕೆಳಗಿಡಿ. ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಇಪ್ಪತ್ತು ನಿಮಿಷ ಬರೀ ನೋಡಿ. ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ, ನಡುವೆ ಹತ್ತು ಹದಿನೈದು ನಿಮಿಷ ಏನೂ ಇಲ್ಲದಿರಬಹುದು. ಐದು ನಿಮಿಷ ನೋಡಿ ಚಿಕ್ಕದಿದೆ ಎಂದು ಇಳಿದವರ ತಲೆಯ ಮೇಲೇ ಆ ಗುಂಪು ಬರುವುದು.

ಒಂದು ಅಲೆಯನ್ನು ಆರಿಸಿಕೊಂಡು ಮೊದಲಿಂದ ಕೊನೆಯವರೆಗೆ ಹಿಂಬಾಲಿಸಿ. ದೂರದಲ್ಲಿ ಅದು ಕಪ್ಪು ಗೆರೆ. ದಿಬ್ಬದ ಹೊರ ಅಂಚಿಗೆ ಬಂದಾಗ ಒಂದು ಕಡೆ ನಿಧಾನವಾಗಿ ಎತ್ತರವಾಗುತ್ತದೆ, ನೆತ್ತಿ ತೆಳುವಾಗುತ್ತದೆ, ಅಲ್ಲಿ ಮೊದಲ ಬಿಳಿ ಕಾಣುತ್ತದೆ. ಆ ಬಿಳಿ ಯಾವ ಕಡೆಗೆ, ಎಷ್ಟು ವೇಗವಾಗಿ ಹರಡುತ್ತದೆ ನೋಡಿ. ದಿಬ್ಬ ದಾಟಿದ ಮೇಲೆ ನೊರೆ ಸತ್ತು ಅಲೆ ಮತ್ತೆ ಹಸಿರಾದರೆ ಅಲ್ಲಿ ಆಳದ ನೀರಿದೆ. ದಡದ ಹತ್ತಿರ ಮತ್ತೆ ಮುರಿದರೆ ಅಲ್ಲಿ ಇನ್ನೊಂದು ದಿಬ್ಬ. ಇದೇ ಜಾಗದಲ್ಲಿ ಮೂರು ನಾಲ್ಕು ಅಲೆ ಹೀಗೇ ಮಾಡಿದರೆ ನಿಮ್ಮ ಶಿಖರ ಸಿಕ್ಕಿತು.

ಹಾಗೆಯೇ ಅಲೆ ಮುರಿಯದ ಜಾಗ ಎಲ್ಲಿದೆ ಎಂದೂ ನೋಡಿ. ಎರಡು ದಿಬ್ಬಗಳ ನಡುವೆ ಗಾಢ ಬಣ್ಣದ, ನೊರೆಯಿಲ್ಲದ ಪಟ್ಟಿ, ಮೇಲ್ಮೈ ಮಾತ್ರ ಕದಡಿದಂತೆ, ಮರಳು ಮತ್ತು ನೊರೆಯ ಚೂರುಗಳು ಹೊರಗೆ ಹರಿಯುತ್ತಿರುತ್ತವೆ. ಅದೇ ರಿಪ್ ಕರೆಂಟ್, ದಡಕ್ಕೆ ಬಂದ ನೀರು ಕಡಲಿಗೆ ಮರಳುವ ದಾರಿ. ಏನೂ ಗೊತ್ತಿಲ್ಲದವರಿಗೆ ಇಡೀ ತೀರದಲ್ಲಿ ಅತಿ ಸುರಕ್ಷಿತ ಜಾಗವಾಗಿ ಕಾಣುವುದು ಅದೇ. ಅದರಲ್ಲಿ ಸಿಕ್ಕಿಕೊಂಡರೆ ದಡದ ಕಡೆಗೆ ಎದುರು ಈಜಿ ಸುಸ್ತಾಗಬೇಡಿ. ಬೋರ್ಡ್ ಬಿಡಬೇಡಿ, ತೇಲಿ, ಕೈಯೆತ್ತಿ ಸಹಾಯ ಕೇಳಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ಅಲೆ ಮುರಿಯುತ್ತಿರುವ ಕಡೆಗೆ ಸರಿದು, ನೊರೆಯ ಜೊತೆ ಒಳಗೆ ಬನ್ನಿ. ಜೀವರಕ್ಷಕರಿದ್ದರೆ ಇಳಿಯುವ ಮುಂಚೆಯೇ ಅವರನ್ನು ಕೇಳಿ. ಕೆಂಪು ಬಾವುಟ ಇದ್ದರೆ ವಾಪಸ್ ಹೊರಡಿ.

ಹಂತ 10: ಬರೆದಿಡಿ

ನೀರಿನಿಂದ ಬಂದ ಕೂಡಲೇ, ಮೈ ಒರೆಸಿಕೊಳ್ಳುವ ಹೊತ್ತಿಗೇ, ಫೋನಿನಲ್ಲಿ ಎರಡು ಸಾಲು ಬರೆಯಿರಿ. ದಿನಾಂಕ, ಗಂಟೆ, ಮುನ್ಸೂಚನೆಯ ಸ್ವೆಲ್, ಗಾಳಿ, ಆ ಹೊತ್ತಿನ ಉಬ್ಬರದ ಮಟ್ಟ, ಆಮೇಲೆ ನೀವು ನಿಜವಾಗಿ ಕಂಡದ್ದು. ಅಲೆಯ ಎತ್ತರವನ್ನು ಮೊಣಕಾಲು, ಸೊಂಟ, ಎದೆ, ತಲೆ ಎಂದು ಬರೆಯುವುದೇ ವಾಸಿ. ಅಲೆಯನ್ನು ಎದುರಿನಿಂದ ಅಳೆಯುವವರೂ ಇದ್ದಾರೆ, ಹವಾಯಿಯ ಹಳೆಯ ಪದ್ಧತಿಯಂತೆ ಹಿಂಬದಿಯಿಂದ ಅಂದಾಜು ಮಾಡುವವರೂ ಇದ್ದಾರೆ. ಎರಡರ ನಡುವೆ ಸುಮಾರು ಅರ್ಧಕ್ಕರ್ಧ ವ್ಯತ್ಯಾಸ ಬರುತ್ತದೆ. ಮೈ ಅಳತೆಯಲ್ಲಿ ಆ ಗೊಂದಲವಿಲ್ಲ. ದಿಬ್ಬ ಎಲ್ಲಿತ್ತು ಎನ್ನುವುದನ್ನು ದಡದ ಮೇಲಿನ ಒಂದು ಮರವನ್ನೋ ಕಂಬವನ್ನೋ ಹಿಡಿದು ಗುರುತಿಸಿ.

ಒಂದು ಋತು ಹೀಗೆ ಬರೆದರೆ ಯಾವ ದಿಕ್ಕಿನ ಸ್ವೆಲ್ ನಿಮ್ಮ ತೀರಕ್ಕೆ ಪೂರ್ತಿ ತಲುಪುವುದಿಲ್ಲ, ಕಡಲ ಗಾಳಿ ನಿಜವಾಗಿ ಎಷ್ಟು ಗಂಟೆಗೆ ಏಳುತ್ತದೆ, ಯಾವ ಮಾಡೆಲ್ ನಿಮ್ಮಲ್ಲಿ ಯಾವಾಗಲೂ ಜಾಸ್ತಿ ಹೇಳುತ್ತದೆ ಎಂಬುದೆಲ್ಲ ತಾನಾಗಿ ಹೊರಬರುತ್ತದೆ. ದೊಡ್ಡ ಬಿರುಗಾಳಿಯೊಂದು ಬಂದುಹೋದರೆ ಮಾತ್ರ ಟಿಪ್ಪಣಿಯಲ್ಲಿ ಒಂದು ಗೆರೆ ಎಳೆಯಿರಿ. ಜೋರು ಅಲೆಗಳು ಮರಳನ್ನು ದಡದಿಂದ ಕಿತ್ತು ಹೊರಗೆ ಒಯ್ದು ಹೊಸ ದಿಬ್ಬ ಕಟ್ಟುತ್ತವೆ. ಶಾಂತ ವಾರಗಳಲ್ಲಿ ಚಿಕ್ಕ ಅಲೆಗಳು ಅದನ್ನು ನಿಧಾನವಾಗಿ ವಾಪಸ್ ತರುತ್ತವೆ. ಸ್ವೆಲ್‌ನ ದಿಕ್ಕು, ಗಾಳಿಯ ಹೊತ್ತಿನ ಬಗ್ಗೆ ಬರೆದದ್ದು ಆ ಗೆರೆಯ ನಂತರವೂ ನಡೆಯುತ್ತದೆ. ದಿಬ್ಬದ ಜಾಗ ಮತ್ತು ಯಾವ ಉಬ್ಬರಕ್ಕೆ ಇಳಿಯಬೇಕು ಎಂಬುದನ್ನು ಮಾತ್ರ ಮುಂದಿನ ಇಳಿತದಲ್ಲಿ ಹೋಗಿ ಹೊಸದಾಗಿ ನೋಡಿ ಬರೆದುಕೊಳ್ಳಬೇಕು.